ಮೇಣದೊಳಗಿನ ಚೂರು

"ಬ್ಲಾಕ್ ಸಿಗ್ತಾ ಇಲ್ಲ."

ಡಾಕ್ಟರ್ ದಮಯಂತಿ ರೈ ಇದನ್ನು ಎರಡನೇ ಸಲ ಹೇಳಿದಾಗಲೂ ತೀರ್ಥರಾಮನಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ಬಾಯಿ ತೆರೆಯುವ ಧೈರ್ಯವಿಲ್ಲ. ನಾಲಗೆಯ ಎಡ ಅಂಚಿನಲ್ಲಿ ಹಾಕಿದ ಹೊಲಿಗೆ ಕರಗುತ್ತ ಬಂದಿದ್ದರೂ, ಮಾತಿಗೆ ಹೊರಟರೆ ಒಳಗೆಲ್ಲೋ ಮುಳ್ಳು ಸಿಕ್ಕಿಕೊಂಡ ಹಾಗೆ ಎಳೆಯುತ್ತಿತ್ತು. ಅವನು ಹೆಂಡತಿಯ ಕಡೆ ತಿರುಗಿದ.

"ಬ್ಲಾಕ್ ಅಂದ್ರೆ ಎಂತ ಡಾಕ್ಟ್ರೇ?" ವೇದಾವತಿ ಕೇಳಿದಳು.

"ಇವರ ನಾಲಗೆಯಿಂದ ತೆಗೆದ ಚೂರು ಉಂಟಲ್ಲ, ಅದನ್ನು ನಾವು ಮೇಣದಲ್ಲಿ ಕೂರಿಸಿ ಇಡುದು. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ತಟ್ಟೆಯ ಮೇಲೆ. ಅದಕ್ಕೇ ಬ್ಲಾಕ್ ಅಂತ ಹೇಳುದು. ಅದರಿಂದ ತೆಳ್ಳನೆ ಪದರ ತೆಗೆದು, ಗಾಜಿನ ಮೇಲಿಟ್ಟು ನೋಡಿಯೇ ನಾನು ಮೊದಲ ರಿಪೋರ್ಟ್ ಬರೆದದ್ದು." ಡಾಕ್ಟರು ಮೇಜಿನ ಆಚೆಯ ಕುರ್ಚಿ ಬಿಟ್ಟು ಬಂದು ಇವರ ಪಕ್ಕದಲ್ಲೇ ಕೂತಿದ್ದರು. ಅದೇ ವೇದಾವತಿಗೆ ಹೆಚ್ಚು ಭಯ ಹುಟ್ಟಿಸಿತ್ತು. "ಮಂಗಳೂರಿನ ಸರ್ಜನ್ ಆ ಬ್ಲಾಕನ್ನೇ ಕೇಳ್ತಿದ್ದಾರೆ. ಇನ್ನೂ ಆಳದ ಪದರ ನೋಡಬೇಕು ಅಂತ. ನನಗೂ ಹಾಗೇ ಅನಿಸಿತ್ತು, ಅದಕ್ಕೇ ಅನುಮಾನ ಉಂಟು ಅಂತ ಬರೆದೆ, ಖಂಡಿತ ಅಂತ ಬರೆಯಲಿಲ್ಲ. ಆದರೆ ಈಗ ಅದು ಇರಬೇಕಾದಲ್ಲಿ ಇಲ್ಲ. ತಪ್ಪು ನಮ್ಮದೇ."

ಅವರು ಬಾಗಿಲ ಕಡೆ ಕೈ ತೋರಿಸಿದರು. ಆಚೆ ಉದ್ದದ ಕೋಣೆಯಲ್ಲಿ ಗೋಡೆಗೆ ತಾಗಿಸಿ ನೀಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಲ್ಯಾಬು ಪುತ್ತೂರು ಪೇಟೆಯ ಹಳೇ ಮಹಡಿಯಿಂದ ದರ್ಬೆಯ ಈ ಹೊಸ ಕಟ್ಟಡಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಸಾಮಾನು ಸಾಗಿಸಲು ಬಂದವರಿಗೆ ಇವು ಎಂತದು ಅಂತ ಯಾರೂ ಹೇಳಿರಲಿಲ್ಲ. ಬೀರು ಭಾರವಾಯಿತೆಂದು ಅವರು ಡ್ರಾಯರುಗಳನ್ನು ಕ್ರೇಟಿಗೆ ಸುರಿದು, ಖಾಲಿ ಬೀರುವನ್ನು ಸುಲಭವಾಗಿ ಎತ್ತಿಕೊಂಡು ಬಂದಿದ್ದರು. ಕೆಲವು ವರ್ಷಗಳ ಬ್ಲಾಕುಗಳು ಹೀಗೆ ಬೆರೆತುಹೋಗಿದ್ದವು.

"ಇನ್ನೊಂದು ಚೂರು ತೆಗೆದ್ರೆ ಆಗುದಿಲ್ವಾ?" ವೇದಾವತಿ ಕೇಳಿದಳು.

"ಹುಣ್ಣನ್ನು ಪೂರ್ತಿ ತೆಗೆದಾಗಿದೆಯಲ್ಲ. ಈಗ ಅಲ್ಲಿ ಇರುದು ಬರೇ ಗಾಯ. ಅಲ್ಲಿಂದ ತೆಗೆದ್ರೆ ಎಂತ ಗೊತ್ತಾಗುದಿಲ್ಲ."

"ಹಾಗಾದ್ರೆ?"

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಬ್ಲಾಕ್ ಸಿಗದಿದ್ರೆ ಅವರು ಅನುಮಾನವನ್ನೇ ನಿಜ ಅಂತ ಹಿಡಿಯಬೇಕಾಗ್ತದೆ. ಅವರನ್ನು ದೂರುವ ಹಾಗಿಲ್ಲ. ಕ್ಯಾನ್ಸರನ್ನು ಕೊಯ್ಯದೆ ಬಿಟ್ಟರೆ ಆಮೇಲೆ ಕೊಯ್ಯಲಿಕ್ಕೇ ಎಂತ ಉಳಿಯುದಿಲ್ಲ."

ಆಪರೇಶನ್ ಮುಂದಿನ ವಾರಕ್ಕೆ ನಿಗದಿಯಾಗಿತ್ತು. ನಾಲಗೆಯ ಮೂರನೇ ಒಂದು ಪಾಲು ಹೋಗುತ್ತದೆ, ಮಾತು ಇರುತ್ತದೆ ಆದರೆ ಈಗಿನ ಹಾಗಿರುವುದಿಲ್ಲ ಎಂದು ಮಂಗಳೂರಿನ ಸರ್ಜನ್ ಮೊದಲೇ ಹೇಳಿದ್ದರು.

ತೀರ್ಥರಾಮನಿಗೆ ಎದ್ದು ನಿಂತು ಕೂಗಾಡಬೇಕೆನಿಸಿತು. ಎದ್ದೂ ನಿಂತ. ಗಂಟಲಿನಿಂದ ಹೊರಟದ್ದು ಒಂದು ಒದ್ದೆ ಸದ್ದು ಮಾತ್ರ. ತುಟಿಯ ಬದಿಯಲ್ಲಿ ಜೊಲ್ಲು ಇಳಿಯಿತು. ವೇದಾವತಿ ಸೆರಗಿನಿಂದ ಒರೆಸಲು ಬಂದಾಗ ಅವನು ಅವಳ ಕೈ ದೂಡಿ ಹೊರಗೆ ಹೋದ.

ತೀರ್ಥರಾಮನ ಮಾತು ಎಂಥದ್ದೆಂದು ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕಿನ ಕಬಡ್ಡಿ ಮೈದಾನಗಳಲ್ಲಿ ಗೊತ್ತಿತ್ತು. ಹುಟ್ಟಿದ್ದು ಮರ್ಕಂಜದಲ್ಲಿ. ಸುಳ್ಯ ಪೇಟೆಯಲ್ಲಿ ಸೌಂಡ್ ಎಂಡ್ ಲೈಟ್ ಅಂಗಡಿ ಇಟ್ಟಿದ್ದ. ಮದುವೆ ಹಾಲಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ರಕ್ತದಾನ ಶಿಬಿರಕ್ಕೆ ಮೈಕು, ದೀಪ ಕೊಡುವುದು ಅವನ ಹೊಟ್ಟೆಪಾಡು. ಆದರೆ ಜನ ಅವನನ್ನು ಗುರುತಿಸುತ್ತಿದ್ದದ್ದು ಕಮೆಂಟ್ರಿಯ ತೀರ್ಥಣ್ಣ ಎಂದು. ರೈಡರ್ ಗೆರೆ ದಾಟಿದ ಕೂಡಲೇ ಅವನ ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡದಲ್ಲಿ ಏರಿ, ಹಿಡಿತ ಬಿಗಿಯಾದಾಗ ಮನೆಮಾತಾದ ಅರೆಭಾಷೆಗೆ ಇಳಿದು, ಆಟಗಾರ ಉರುಳಿಕೊಂಡು ಗೆರೆ ಮುಟ್ಟುವ ಹೊತ್ತಿಗೆ ಬ್ಯಾರಿ ಭಾಷೆಯಲ್ಲಿ ಒಂದು ತಮಾಷೆ ಹೊಡೆದು ಮುಗಿಯುತ್ತಿತ್ತು. ಉಸಿರು ಎಲ್ಲಿ ತೆಗೆದ ಅಂತ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕಡಬದಲ್ಲಿ ಕರೆಂಟು ಹೋಗಿ ಮೈಕು ಸತ್ತಾಗ ಬರೇ ಗಂಟಲಿನಲ್ಲೇ ಪೂರ್ತಿ ಸೆಮಿಫೈನಲ್ ಹೇಳಿ ಮುಗಿಸಿದ್ದ.

ಆ ನಾಲಗೆಯ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ಊಟ ಮಾಡುವಾಗ ಕಚ್ಚಿಕೊಂಡದ್ದು ಇರಬೇಕೆಂದು ಬಿಟ್ಟ. ಅದು ಒಣಗಲಿಲ್ಲ. ಹರೆಯದಲ್ಲಿ ಹೊಗೆಸೊಪ್ಪು ಹಾಕಿ ವೀಳ್ಯ ತಿಂದವನು, ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಭಯಕ್ಕೆ ಅದೊಂದು ಸಾಕಾಯಿತು. ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಹುಣ್ಣನ್ನು ಸುತ್ತಲಿನ ಮಾಂಸದ ಸಮೇತ ತೆಗೆದು ಹೊಲಿದರು. ತೆಗೆದದ್ದನ್ನು ಈ ಲ್ಯಾಬಿಗೆ ಕಳುಹಿಸಿದರು. ಅಲ್ಲಿಂದ ಬಂದ ರಿಪೋರ್ಟಿನಲ್ಲಿ ಅನುಮಾನ ಎಂಬ ಒಂದು ಮಾತು ಇತ್ತು. ಅದರ ಜೊತೆ ಮಲಗಿ ಅದರ ಜೊತೆಯೇ ಏಳುವ ಬದುಕು ಆಗಿಹೋಯಿತು.

ವರಾಂಡದಲ್ಲಿ ಅವನು ಕಂಬಕ್ಕೆ ಕೈ ಕೊಟ್ಟು ನಿಂತಿದ್ದಾಗ ಒಳಗಿನಿಂದ ಬೀಪ್ ಎಂಬ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು. ಇಣುಕಿ ನೋಡಿದ. ಲ್ಯಾಬಿನ ಟೆಕ್ನಿಶಿಯನ್ ಸಿನಾನ್ ಒಂದು ಕ್ರೇಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಬ್ಲಾಕ್ ತೆಗೆದು, ಅಂಗಡಿಯವರು ಸಾಮಾನಿಗೆ ಹಿಡಿಯುವಂಥ ಸ್ಕ್ಯಾನರ್ ಹಿಡಿಯುತ್ತಿದ್ದ. ಕೆಲವಕ್ಕೆ ಉಗುರಿನಿಂದ ಮೇಣ ಕೆರೆಯಬೇಕಿತ್ತು. ಕೆಲವನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ ಹಿಡಿದರೂ ಬೀಪ್ ಬರುತ್ತಿರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು.

ಕೋಣೆಯ ಇನ್ನೊಂದು ಬದಿಯಲ್ಲಿ ಒಬ್ಬಳು ಹುಡುಗಿ ಬ್ಲಾಕುಗಳನ್ನು ಒಂದು ಟ್ರೇಯಲ್ಲಿ ಹರಡಿ, ಮೇಲಿನಿಂದ ಫೋಟೋ ತೆಗೆದು, ಲ್ಯಾಪ್‌ಟಾಪಿನ ಕಡೆ ಬಗ್ಗಿ ನೋಡಿ, ತಲೆ ಕೊಡವುತ್ತಿದ್ದಳು. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಯಶ್ಮಿತಾ. ತೀರ್ಥರಾಮನನ್ನು ಕಂಡು ನೆಟ್ಟಗಾದಳು.

"ನೀವು ತೀರ್ಥಣ್ಣ ಅಲ್ವಾ? ನಮ್ಮ ಕಾಲೇಜಿನ ಮ್ಯಾಚಿಗೆ ಬಂದಿದ್ರಿ. ನಾನು ಲೆಫ್ಟ್ ಕಾರ್ನರ್ ಆಡ್ತಿದ್ದೆ."

ಅವನು ಹೌದೆಂದು ತಲೆ ಅಲ್ಲಾಡಿಸಿ, ಟ್ರೇಯನ್ನು ತೋರಿಸಿ, ಎಂತ ಇದು ಎಂಬಂತೆ ಕೈ ತಿರುಗಿಸಿದ.

ಅವಳು ಒಂದು ಬ್ಲಾಕ್ ಎತ್ತಿ ಕೊಟ್ಟಳು. ಹಗುರಾದ ಬಿಳಿ ಪ್ಲಾಸ್ಟಿಕ್. ಮೇಲೆ ಮಂಜುಗಟ್ಟಿದಂಥ ಮೇಣ. ಮೇಣದೊಳಗೆ ಕಂದು ಬಣ್ಣದ ಚಿಕ್ಕ ಚೂರು. ಯಾರದೋ. ಪ್ಲಾಸ್ಟಿಕ್ಕಿನ ಓರೆ ಅಂಚಿನಲ್ಲಿ ಅಳಿಸಿಹೋದ ಅಂಕೆಗಳು, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಬಿಳಿ ಚೌಕ.

"ಅಂಗಡಿಯಲ್ಲಿ ದುಡ್ಡು ಕೊಡ್ಲಿಕ್ಕೆ ಫೋನ್ ಹಿಡಿತೇವಲ್ಲ, ಇದು ಅದರ ಚಿಕ್ಕ ತಂಗಿ. ನಂಬರು ಇದರೊಳಗೆ ಉಂಟು. ಅಂಕೆ ಅಳಿಸಿದ್ರೂ, ಚೌಕದಲ್ಲಿ ಸ್ವಲ್ಪ ಹೋಗಿದ್ರೂ ಓದ್ಬಹುದು. ಸಿನಾನ್ ಒಂದೊಂದೇ ಹಿಡಿಯುದು ಅಂದ್ರೆ ನಿಮ್ಮ ಆಪರೇಶನ್ ಮುಗಿದು ಮತ್ತೆಯೂ ಮುಗಿಯುದಿಲ್ಲ. ಹಾಗೆ ನಾನು ಟ್ರೇ ಟ್ರೇಯೇ ಫೋಟೋ ತೆಗೆದು ಓದಿಸುವ ಅಂತ ನೋಡ್ತಿದ್ದೇನೆ."

ತೀರ್ಥರಾಮ ಟ್ರೇಯನ್ನೇ ನೋಡಿದ. ಬ್ಲಾಕುಗಳು ಜಾತ್ರೆ ಮುಗಿದ ಮೇಲಿನ ಚಪ್ಪಲಿಗಳ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದವು. ಅವನು ಬೆರಳಿನಿಂದ ಒಂದನ್ನು ನೇರ ಮಾಡಲು ಹೋದ.

"ಬೇಡ ಬೇಡ, ಹೇಗೆ ಬಿದ್ದರೂ ಆಗ್ತದೆ." ಯಶ್ಮಿತಾ ನಕ್ಕಳು. "ಅದೇ ಇದರ ಗಮ್ಮತ್ತು. ಈ ಚೌಕ ನೋಡಿ, ಎರಡು ಬದಿಯಲ್ಲಿ ಗಟ್ಟಿ ಕಪ್ಪು ಗೆರೆ ಉಂಟು, ಒಂದು ಮೂಲೆಯಲ್ಲಿ ಬಂದು ಸೇರ್ತದೆ. ಇನ್ನೆರಡು ಬದಿಯಲ್ಲಿ ಒಂದು ಬಿಟ್ಟು ಒಂದು ಚುಕ್ಕೆ. ಫೋಟೋದಲ್ಲಿ ಆ ಗಟ್ಟಿ ಮೂಲೆ ಸಿಕ್ಕಿದ್ರೆ ಚೌಕ ಎಷ್ಟು ತಿರುಗಿದೆ ಅಂತ ಗೊತ್ತಾಗ್ತದೆ. ಮತ್ತೆ ಅದನ್ನು ಲೆಕ್ಕದಲ್ಲೇ ನೇರ ಮಾಡಿಕೊಂಡು ಓದುದು. ನಾನು ಮಾಡಿದ್ದಲ್ಲ ಆಯ್ತಾ, ಒಂದು ಲೈಬ್ರರಿ ಉಂಟು. ಓಪನ್ ಸೋರ್ಸ್."

ಲೈಬ್ರರಿ ಎಂದರೆ ಅವನಿಗೆ ಪುಸ್ತಕದ ಕಪಾಟು ನೆನಪಾಯಿತು. ಮುಖದಲ್ಲಿ ಅದು ಕಂಡಿರಬೇಕು.

"ಪುಸ್ತಕದ್ದಲ್ಲ. ಯಾರೋ ಬರೆದಿಟ್ಟ ಪ್ರೋಗ್ರಾಂ. ನಾವು ನಮ್ಮ ಕೆಲಸಕ್ಕೆ ತಕ್ಕಂತೆ ಜೋಡಿಸಿಕೊಳ್ಳುದು."

ತೀರ್ಥರಾಮ ಬಾಯಿಯ ಬಲಬದಿಯಿಂದ ಮೆಲ್ಲನೆ, ಒಂದೊಂದು ಅಕ್ಷರ ನೂಕಿದ. "ಯಾರು?"

"ಗೊತ್ತಿಲ್ಲ ತೀರ್ಥಣ್ಣ. ಯಾವುದೋ ದೇಶದವರು ಶುರು ಮಾಡಿದ್ದು. ಮತ್ತೆ ತುಂಬ ಜನ ಸೇರಿದ್ದಾರೆ. ಬರೆದು ಎಲ್ಲರಿಗೂ ಬಿಟ್ಟಿದ್ದಾರೆ, ಯಾರು ಬೇಕಾದ್ರೂ ತಕ್ಕೊಳ್ಬಹುದು."

"ಶ್ರಮದಾನ," ಅಂದ ತೀರ್ಥರಾಮ.

"ಹಾಂ, ಹಾಗೆಯೇ."

ಆದರೆ ಆ ಹೊತ್ತಿಗೆ ಅದು ಕೆಲಸ ಮಾಡುತ್ತಿರಲಿಲ್ಲ. ಯಶ್ಮಿತಾ ಲ್ಯಾಪ್‌ಟಾಪಿನ ತೆರೆ ತೋರಿಸಿದಳು. ಸಿಕ್ಕಿದ ಕಡೆ ಹಸಿರು ಗೆರೆ ಚೌಕವನ್ನು ಸುತ್ತಬೇಕಿತ್ತು. ಟ್ರೇ ತುಂಬ ಬ್ಲಾಕುಗಳಿದ್ದರೆ ಹಸಿರು ಗೆರೆ ಬಂದದ್ದು ಮೂರೋ ನಾಲ್ಕೋ ಕಡೆ. ಅದರಲ್ಲೊಂದು ಬರೇ ಮೇಣದ ಮೇಲೆ. ಮೇಣದ ಅಂಚುಗಳಲ್ಲಿ ಟ್ಯೂಬ್‌ಲೈಟು ಹೊಳೆದು ನೆಟ್ಟಗಿನ ಬಿಳಿ ಗೆರೆಗಳು ಮೂಡುತ್ತವೆ, ಅವನ್ನೇ ಮೂಲೆ ಎಂದು ಇದು ಹಿಡಿಯುತ್ತದೆ, ನಿಜವಾದ ಮೂಲೆ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ ಎಂದಳು. "ಹೊಳೆಯದ ಬೆಳಕು ಬೇಕು. ಸ್ಟುಡಿಯೋದಲ್ಲಿ ಇರ್ತದಲ್ಲ, ಮೆತ್ತನೆದ್ದು. ಅದಕ್ಕೆ ಯಾರನ್ನು ಕೇಳುದು ಅಂತ ನೋಡ್ತಿದ್ದೆ."

ತೀರ್ಥರಾಮ ಅವಳ ಭುಜ ತಟ್ಟಿದ. ತನ್ನ ಎದೆಗೆ ಬೆರಳಿಟ್ಟು ತೋರಿಸಿದ.

ಮರುದಿನ ಬೆಳಿಗ್ಗೆ ಅಂಗಡಿಯ ಓಮ್ನಿ ಜಾಲ್ಸೂರು, ಕಾವು, ಕುಂಬ್ರ ದಾಟಿ ಪುತ್ತೂರಿಗೆ ಬಂತು. ಹಿಂದೆ ಎರಡು ಎಲ್‌ಇಡಿ ಪ್ಯಾನೆಲ್, ಸ್ಟ್ಯಾಂಡುಗಳು, ಮದುವೆ ಸ್ಟೇಜಿಗೆ ಹಾಕುವ ಬಿಳಿ ಬಟ್ಟೆಯ ಥಾನು. ಪಕ್ಕದಲ್ಲಿ ಕೂತ ವೇದಾವತಿ ದಾರಿಯುದ್ದಕ್ಕೂ ಗಂಡನ ಕಡೆ ನೋಡುತ್ತ ಬಂದಳು. ರಿಪೋರ್ಟು ಬಂದ ಮೇಲೆ ಅವನು ಅಂಗಡಿಯ ಬಾಗಿಲು ತೆರೆದದ್ದು ಇದೇ ಮೊದಲು.

"ಸಿಕ್ಕುದುಂಟಾ ಅದ್?" ಕೆದಂಬಾಡಿಯ ತಿರುವಿನ ಹತ್ತಿರ ಅವಳು ಕೇಳಿದಳು.

"ನಂಗೆ ಗೊತ್ತಿಲ್ಲೆ," ಅಂದ. ಹಾಗೆ ಹೇಳುವಾಗ ನಾಲಗೆ ಎಳೆದರೂ ಹೇಳಿದ.

ಲ್ಯಾಬಿನ ಉದ್ದದ ಮೇಜಿನ ಮೇಲೆ ಅವನು ಬಿಳಿ ಬಟ್ಟೆಯನ್ನು ಡೇರೆಯ ಹಾಗೆ ಇಳಿಬಿಟ್ಟ. ದೀಪಗಳನ್ನು ಬಟ್ಟೆಯ ಹೊರಗೆ, ಓರೆಯಾಗಿ ನಿಲ್ಲಿಸಿದ. ಬೆಳಕು ಬಟ್ಟೆಯಲ್ಲಿ ಸೋಸಿಕೊಂಡು ಒಳಗೆ ಇಳಿಯಿತು. ಟ್ರೇಯಲ್ಲಿ ನೆರಳೂ ಇಲ್ಲ, ಹೊಳಪೂ ಇಲ್ಲ. ಯಶ್ಮಿತಾ ಬಟ್ಟೆಯ ಸಂದಿಯಲ್ಲಿ ಫೋನಿಟ್ಟು ಫೋಟೋ ತೆಗೆದಳು. ಲ್ಯಾಪ್‌ಟಾಪು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಹಸಿರು ಗೆರೆಗಳು ಒಂದೊಂದಾಗಿ ಎದ್ದವು. ಒಂದು ಅಡ್ಡ, ಒಂದು ಓರೆ, ಒಂದು ಪೂರ್ತಿ ತಲೆಕೆಳಗು. ಎಲ್ಲದಕ್ಕೂ ಅದರದರ ಓರೆಗೆ ಸರಿಯಾಗಿ ಗೆರೆ ಸುತ್ತಿಕೊಂಡಿತ್ತು. ಬದಿಯಲ್ಲಿ ನಂಬರುಗಳು ಸಾಲಾಗಿ ಇಳಿದವು.

"ಅಯ್ಯೋ ದೇವ್ರೆ!" ಸಿನಾನ್ ಸ್ಕ್ಯಾನರ್ ಕೆಳಗಿಟ್ಟು ಎದ್ದು ಬಂದ.

ಅಲ್ಲಿಂದ ಕೆಲಸಕ್ಕೆ ಒಂದು ಲಯ ಬಂತು. ತೀರ್ಥರಾಮ ಕ್ರೇಟಿನಿಂದ ಬ್ಲಾಕುಗಳನ್ನು ಎತ್ತಿ, ಒಂದಕ್ಕೊಂದು ತಾಗದಂತೆ ಹರಡುವುದು. ಯಶ್ಮಿತಾ ಫೋಟೋ ತೆಗೆಯುವುದು. ವೇದಾವತಿ ಟ್ರೇ ಆಚೆ ಸಾಗಿಸಿ ಸಿನಾನನಿಗೆ ಕೊಡುವುದು. ಅವನು ಅವನ್ನು ಅದೇ ಟ್ರೇಯ ನಂಬರಿನ ಡ್ರಾಯರಿನಲ್ಲಿ ಇಡುವುದು. ತೀರ್ಥರಾಮನ ಬ್ಲಾಕಿನ ನಂಬರನ್ನು ಯಶ್ಮಿತಾ ಲ್ಯಾಪ್‌ಟಾಪಿಗೆ ಮೊದಲೇ ಕೊಟ್ಟಿದ್ದಳು. ಅದು ಸಿಕ್ಕಿದರೆ ಗೆರೆ ಹಸಿರಿನ ಬದಲು ಕೆಂಪು ಬರುತ್ತದೆ. ಪ್ರತಿ ಸಲ ತೆರೆ ಬದಲಾಗುವಾಗ ತೀರ್ಥರಾಮನ ಕೈ ಟ್ರೇಯ ಮೇಲೆ ನಿಂತುಹೋಗುತ್ತಿತ್ತು. ಹಸಿರು. ಮತ್ತೆ ಹಸಿರು.

ಮೊದಮೊದಲು ಅವನು ಬ್ಲಾಕುಗಳನ್ನು ಸುಮ್ಮನೆ ಸಾಮಾನಿನ ಹಾಗೆ ಎತ್ತಿಡುತ್ತಿದ್ದ. ಹೋಗ್ತಾ ಹೋಗ್ತಾ ಒಳಗಿನ ಚೂರಿನ ಮೇಲೆ ಕಣ್ಣು ನಿಲ್ಲತೊಡಗಿತು. ಕೆಲವು ಎಳ್ಳುಕಾಳಿನಷ್ಟು. ಕೆಲವು ಮೇಣ ತುಂಬ. ಇದು ಯಾರದ್ದೋ ಹೊಟ್ಟೆಯದು, ಇದು ಯಾರದ್ದೋ ಎದೆಯದು ಇರಬಹುದು. ಇವರೆಲ್ಲ ಅಲ್ಲಿ ಹೊರಗಿನ ಕುರ್ಚಿಯಲ್ಲಿ ಕೂತು ರಿಪೋರ್ಟಿಗೆ ಕಾದವರು. ಅವನು ಕೈಯನ್ನು ಮೆಲ್ಲ ಮಾಡಿದ.

ಈ ವರ್ಷದ ಬ್ಲಾಕುಗಳು ಇದ್ದ ಕ್ರೇಟುಗಳನ್ನು ಮುಗಿಸುವಾಗ ಅದರ ಮರುದಿನ ಮಧ್ಯಾಹ್ನವಾಗಿತ್ತು. ಕೆಂಪು ಗೆರೆ ಬರಲಿಲ್ಲ.

ಉಳಿದದ್ದು ಹಿಂದಿನ ವರ್ಷಗಳ ಕ್ರೇಟುಗಳು. ಅದರಲ್ಲಿ ಬೆರೆತು ಹೋಗಿರಬಹುದು, ಹಳೇ ಕಟ್ಟಡದಲ್ಲೇ ಎಲ್ಲೋ ಉದುರಿರಬಹುದು, ಕಸದ ಜೊತೆ ಹೋಗಿರಲೂಬಹುದು. ಡಾಕ್ಟರ್ ದಮಯಂತಿ ಬಂದು, ಸಿನಾನನ ಮುಖ ನೋಡಿ, ಹಾಗೇ ಒಳಗೆ ಹೋದರು. ಮಂಗಳೂರಿಗೆ ಫೋನ್ ಮಾಡುವ ಅವರ ದನಿ ಕೇಳಿಸಿತು. ಇನ್ನೆರಡು ದಿನ ಕೊಡಿ ಎಂದು ಬೇಡಿಕೊಳ್ಳುತ್ತಿದ್ದರು.

ತೀರ್ಥರಾಮ ಹಿಂದಿನ ಮೆಟ್ಟಿಲಿನಲ್ಲಿ ಹೋಗಿ ಕೂತ. ಎದುರಿನ ಗೋಡೆಯಾಚೆ ಯಾವುದೋ ಶಾಲೆಯ ಮಕ್ಕಳು ಆಡುವ ಗಲಾಟೆ. ವೇದಾವತಿ ಬುತ್ತಿ ತಂದು ಪಕ್ಕದಲ್ಲಿ ಇಟ್ಟಳು. ಗಂಜಿ ಮೊಸರು. ಕೆಲವು ವಾರಗಳಿಂದ ಅವನಿಗೆ ಅದೇ ಊಟ.

"ಉಂಬಕೆ ಬೇಡವಾ?"

ಅವನು ಬೇಡವೆಂದ. ಅವಳ ಕಡೆ ನೋಡದೆ, ಬಾಯಿಯ ಬಲಬದಿಯಿಂದ ಹೇಳಿದ. "ಮಾತು ಹೋದ್ರೆ ನಾ ಯಾರು ಹೇಳ್?"

ವೇದಾವತಿ ಬುತ್ತಿಯ ಮುಚ್ಚಳ ತೆಗೆದು ಚಮಚದಿಂದ ಗಂಜಿ ಕದಡಿದಳು. "ಮನೆಲಿ ನೀವು ಎಷ್ಟ್ ಮಾತಾಡಿದ್ದ್ ಉಂಟು?" ಅಂದಳು. "ಮೈದಾನದಲ್ಲಿ ಎಲ್ಲ ಖಾಲಿ ಮಾಡಿ ಬಂದ್, ಮನೆಲಿ ಹೂಂ ಉಹೂಂ ಅಷ್ಟೆ. ಇಪ್ಪತ್ತೈದು ವರ್ಷ ನಾ ಆ ಹೂಂ ಉಹೂಂ ಜೊತೆಯೇ ಬದುಕಿದ್ದಲ್ವಾ. ನಂಗೆ ಗೊತ್ತುಂಟು ನೀವು ಯಾರಂತ."

ಅವನ ಮುಖದಲ್ಲಿ ನಗುವಿನಂಥದ್ದು ಏನೋ ಮೂಡಿ, ನಾಲಗೆ ಎಳೆದು, ನೋವಾಗಿ ನಿಂತಿತು. ಚಮಚ ತೆಗೆದುಕೊಂಡ.

ಆಗ ಒಳಗಿನಿಂದ ಯಶ್ಮಿತಾ ಕೂಗಿದಳು. ಹೆಸರಿಲ್ಲ, ಕರೆಯಿಲ್ಲ, ಬರೇ ಒಂದು ಕೂಗು. ಅವನು ಬುತ್ತಿಯನ್ನು ಮೆಟ್ಟಿಲಿನಲ್ಲೇ ಬಿಟ್ಟು ಓಡಿದ.

ಯಶ್ಮಿತಾ ಊಟಕ್ಕೆ ಹೋಗಿರಲಿಲ್ಲ. ಎಲ್ಲರೂ ಆಚೆ ಹೋದ ಮೇಲೆ ಅವಳು ಅಲ್ಲಿವರೆಗೆ ತೆಗೆದ ಫೋಟೋಗಳನ್ನು ಒಂದೊಂದಾಗಿ ತೆರೆದು ಕೂತಿದ್ದಳು. ಮೊದಲ ದಿನದ ಒಂದು ಟ್ರೇಯಲ್ಲಿ ಬ್ಲಾಕುಗಳು ಇಷ್ಟು, ಹಸಿರು ಗೆರೆಗಳು ಅದಕ್ಕಿಂತ ಒಂದು ಕಡಿಮೆ ಎಂದು ಆಗ ಕಣ್ಣಿಗೆ ಬಿತ್ತು. ಬೇಗ ಬೇಗ ಓದಲೆಂದು ಅವಳು ಲೈಬ್ರರಿಗೆ ಒಂದು ಮಿತಿ ಹಾಕಿಟ್ಟಿದ್ದಳು: ನೋಡಲು ಚೌಕದ ಹಾಗೇ ಇದ್ದರೆ ಮಾತ್ರ ಓದು, ತೀರಾ ಸೊಟ್ಟ ಕಂಡರೆ ಬಿಟ್ಟುಬಿಡು ಎಂದು. ಟ್ರೇಯಲ್ಲಿ ಮಲಗಿದ ಬ್ಲಾಕು ಎತ್ತ ತಿರುಗಿದ್ದರೂ ಚೌಕವೇ. ಆದರೆ ಒಂದು ಬ್ಲಾಕು ಇನ್ನೊಂದರ ಮೇಲೆ ಏರಿ ಕೂತರೆ ಅದರ ಚೌಕ ಫೋಟೋದಲ್ಲಿ ಹಿಂಡಿದ ಹಾಗೆ ಓರೆಯಾಗಿ ಕಾಣುತ್ತದೆ. ಲೈಬ್ರರಿಗೆ ಅದರ ಮೂಲೆ ಸಿಕ್ಕಿತ್ತು. ಇವಳೇ ಬೇಡವೆಂದಿದ್ದಕ್ಕೆ ಅದು ಬಿಟ್ಟಿತ್ತು. ಮಿತಿ ಸಡಿಲಿಸಿ ಎಲ್ಲ ಫೋಟೋಗಳನ್ನೂ ಮತ್ತೊಮ್ಮೆ ಓಡಿಸಿದಳು.

ತೆರೆಯ ಮೇಲೆ, ಫೋಟೋದ ಕೆಳಗಿನ ಅಂಚಿನಲ್ಲಿ, ಇನ್ನೊಂದು ಬ್ಲಾಕಿನ ಬೆನ್ನಿಗೆ ಒರಗಿ ಅರ್ಧ ಆಚೆ ತಿರುಗಿ ಬಿದ್ದ ಒಂದರ ಸುತ್ತ ಕೆಂಪು ಗೆರೆ ಇತ್ತು. ಚೌಕವಲ್ಲ, ವಜ್ರದ ಆಕಾರದ್ದು.

"ಹನ್ನೊಂದನೇ ಟ್ರೇ!" ಯಶ್ಮಿತಾ ಹೇಳುತ್ತಿರುವಾಗಲೇ ಸಿನಾನ್ ಡ್ರಾಯರು ಎಳೆದಿದ್ದ. ಒಂದೊಂದಾಗಿ ತೆಗೆದು ಸ್ಕ್ಯಾನರಿಗೆ ಹಿಡಿದ. ಆರನೆಯದೋ ಏಳನೆಯದೋ ಬ್ಲಾಕಿನ ನಂಬರನ್ನು ಸ್ಕ್ಯಾನರಿನ ಕಿಟಕಿಯಲ್ಲಿ ನೋಡಿ, ಬ್ಲಾಕನ್ನು ಅಂಗೈಯಲ್ಲಿಟ್ಟು ಹಾಗೇ ನಿಂತ.

"ತೀರ್ಥಣ್ಣ, ಇದು ನೀವೇ," ಅಂದ.

ತೀರ್ಥರಾಮ ಮುಟ್ಟಲಿಲ್ಲ. ಬಗ್ಗಿ ನೋಡಿದ ಅಷ್ಟೆ. ಕಡಲೆಬೇಳೆಯಷ್ಟು ದೊಡ್ಡ ಕಂದು ಚೂರು ಮೇಣದಲ್ಲಿ ತೆಪ್ಪಗೆ ಕೂತಿತ್ತು. ಇದಕ್ಕಾಗಿಯೇ ಇಷ್ಟೆಲ್ಲ ಎಂದು ನಂಬುವುದು ಕಷ್ಟವಾಯಿತು. ವೇದಾವತಿ ಹಿಂದಿನಿಂದ ಬಂದು ಅವನ ತೋಳು ಹಿಡಿದುಕೊಂಡಳು. ಯಶ್ಮಿತಾ ಅಳುತ್ತಿದ್ದಳು. "ನಾನೇ ಮಿತಿ ಹಾಕಿದ್ದು, ನಾನೇ" ಎಂದು ಅವಳು ಹೇಳುತ್ತಿದ್ದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸ ಮುಗಿದದ್ದು ಅರ್ಧ ಮಾತ್ರ ಎಂದು ಎಲ್ಲರಿಗೂ ಗೊತ್ತಿತ್ತು. ಒಳಗೆ ಎಂತ ಉಂಟು ಎಂಬುದು ಇನ್ನೂ ಗೊತ್ತಿರಲಿಲ್ಲ. ಸಿನಾನ್ ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ, ಯಂತ್ರಕ್ಕೆ ಕೂರಿಸಿ, ಅಲಗಿನಿಂದ ಪದರ ಬಿಡಿಸತೊಡಗಿದ. ಈರುಳ್ಳಿ ಸಿಪ್ಪೆಯ ಒಳಪೊರೆಗಿಂತ ತೆಳ್ಳಗಿನ ಪದರಗಳು ರಿಬ್ಬನ್ನಿನ ಹಾಗೆ ಸುರುಳಿಯಾಗಿ ಬಂದು ಬೆಚ್ಚಗಿನ ನೀರಿನ ಮೇಲೆ ತೇಲಿದವು. ಅವನ್ನು ಗಾಜಿಗೆ ಎತ್ತಿ, ಬಣ್ಣ ಕುಡಿಸಿ, ಒಣಗಿಸಿ ಕೊಡುವುದು ನಾಳೆಗೆ ಎಂದ.

ಮರುದಿನ ಡಾಕ್ಟರ್ ದಮಯಂತಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ಕೂತರು. ಒಂದು ಗಾಜು ತೆಗೆದು ಇನ್ನೊಂದು ಇಟ್ಟರು. ಮೊದಲಿನದಕ್ಕೆ ಮರಳಿ ಹೋದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತ ಗಂಡ ಹೆಂಡತಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನಲ್ಲಿ ಏನಾದರೂ ಓದಬಹುದೋ ಎಂದು ತೀರ್ಥರಾಮ ನೋಡುತ್ತಲೇ ಇದ್ದ. ಎಷ್ಟೋ ಆಟಗಾರರ ಬೆನ್ನು ನೋಡಿ, ಇವನು ಈಗ ನುಗ್ಗುತ್ತಾನೆ, ಇವನು ಹಿಂದೆ ಸರಿಯುತ್ತಾನೆ ಎಂದು ಹೇಳಿದವನು. ಈ ಬೆನ್ನು ಏನೂ ಹೇಳಲಿಲ್ಲ.

"ಒಳಗೆ ಬನ್ನಿ," ಅಂದರು ಡಾಕ್ಟರು. ತಿರುಗಿದಾಗ ಅವರ ಕನ್ನಡಕ ತಲೆಯ ಮೇಲಿತ್ತು. "ಕ್ಯಾನ್ಸರ್ ಅಲ್ಲ ಮಾರಾಯ್ರೆ."

ವೇದಾವತಿ "ಆಂ?" ಅಂದಳು.

"ಅಲ್ಲ. ಮೊದಲ ಪದರದಲ್ಲಿ ಮೇಲಿನ ಚರ್ಮ ಓರೆಯಾಗಿ ಕೊಯ್ದು ಬಂದಿತ್ತು. ಒಳಗೆ ಬೇರು ಬಿಟ್ಟ ಹಾಗೆ ಕಾಣ್ತಿತ್ತು. ಈಗ ಆಳದಲ್ಲಿ ನೋಡಿದ್ರೆ ಎಲ್ಲಿಯೂ ಒಳಗೆ ಹೋಗ್ಲಿಲ್ಲ. ಇದು ಉಜ್ಜಿ ಉಜ್ಜಿ ಆದ ಹುಣ್ಣು. ಎಲ್ಲಿ, ಬಾಯಿ ತೆರೀರಿ." ಅವರು ಟಾರ್ಚು ಹಿಡಿದು ಬಗ್ಗಿದರು. "ಹಾಂ. ಹಿಂದಿನ ದವಡೆ ಹಲ್ಲು ನೋಡಿ, ತುಂಡಾಗಿ ಬ್ಲೇಡಿನ ಹಾಗೆ ನಿಂತಿದೆ. ನೀವು ಮಾತಾಡುವಾಗಲೆಲ್ಲ ನಾಲಗೆ ಅದಕ್ಕೆ ತಾಗ್ತಿತ್ತು. ನೀವು ಮಾತಾಡುದು ಜಾಸ್ತಿ ಅಲ್ವಾ?"

"ಒಂದ್ ಹಲ್ಲಿಗೆ ಇಷ್ಟೆಲ್ಲ ಆತಾ?" ವೇದಾವತಿ ನಗಲು ಹೋಗಿ ಅತ್ತಳು. ಅಳುತ್ತ ಅಳುತ್ತ ಗಂಡನ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಒಂದ್ ಹಲ್ಲಿಗೆ!"

ತೀರ್ಥರಾಮ ಮೈಕ್ರೋಸ್ಕೋಪಿನ ಕಡೆ ಕೈ ತೋರಿಸಿದ. ಡಾಕ್ಟರು ಕುರ್ಚಿ ಬಿಟ್ಟುಕೊಟ್ಟರು. ಅವನು ಕಣ್ಣಿಟ್ಟಾಗ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಗುಲಾಬಿ ಬಣ್ಣದ ಒಂದು ದೊಡ್ಡ ಬಯಲು, ಅಂಚಿನಲ್ಲಿ ನೇರಳೆ ಚುಕ್ಕೆಗಳ ದಂಡೆ. ದಂಡೆ ಅಲ್ಲಲ್ಲಿ ಬಾಗಿ ಒಳಗೆ ಇಳಿದಿತ್ತು, ಆದರೆ ಎಲ್ಲಿಯೂ ತುಂಡಾಗಿರಲಿಲ್ಲ.

"ಇದು ನನ್ನದಾ?"

"ನಿಮ್ಮದೇ."

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಡಾಕ್ಟರು ಮಂಗಳೂರಿಗೆ ಫೋನ್ ಹಚ್ಚಿ ಮಾತಾಡುತ್ತಿದ್ದರು. ಗಾಜನ್ನೂ ಬ್ಲಾಕನ್ನೂ ಕಳುಹಿಸುತ್ತೇನೆ, ನೀವೂ ಒಮ್ಮೆ ನೋಡಿ ಎಂದರು. ಎರಡು ದಿನ ಬಿಟ್ಟು ಅಲ್ಲಿಂದಲೂ ಅದೇ ಉತ್ತರ ಬಂತು. ಆಪರೇಶನ್ ಬೇಡ, ಹಲ್ಲು ತೆಗೆಸಿ, ಆಗಾಗ ಬಂದು ತೋರಿಸಿ ಹೋಗಿ. ಆ ದಿನ ಸುಳ್ಯದ ಮನೆಯಲ್ಲಿ ವೇದಾವತಿ ಮೀನು ಸಾರು ಮಾಡಿದಳು. ಖಾರ ಉರಿಯಿತು. ಅವನು ಉಸ್ ಉಸ್ ಎನ್ನುತ್ತ ತಟ್ಟೆ ಖಾಲಿ ಮಾಡಿದ.

ಹಲ್ಲು ಕೀಳಿಸಿ, ಬಾಯಿ ಸ್ವಲ್ಪ ಸರಿಯಾದ ಮೇಲೆ, ದೀಪ ಮತ್ತು ಬಟ್ಟೆ ತರಲು ಅವನು ಓಮ್ನಿ ತೆಗೆದುಕೊಂಡು ಪುತ್ತೂರಿಗೆ ಹೋದ. ಒಬ್ಬನೇ ಹೋದ. ದಾರಿಯಲ್ಲಿ ಯಾರಿಗೂ ಕೇಳದ ಹಾಗೆ ಒ, ಓ, ಲ, ಳ ಎಂದು ಹೇಳಿ ನೋಡಿಕೊಂಡ. 'ಳ' ಸ್ವಲ್ಪ ಜಾರುತ್ತಿತ್ತು. ಬಿಟ್ಟರೆ ಎಲ್ಲ ಇತ್ತು.

ಲ್ಯಾಬಿನ ಉದ್ದದ ಕೋಣೆಯಲ್ಲಿ ಬಿಳಿ ಡೇರೆ ಹಾಗೇ ಇತ್ತು. ಒಳಗೆ ದೀಪ ಉರಿಯುತ್ತಿತ್ತು. ಯಶ್ಮಿತಾ ಒಬ್ಬಳೇ ಬ್ಲಾಕು ಹರಡಿ, ಒಬ್ಬಳೇ ಫೋಟೋ ತೆಗೆಯುತ್ತಿದ್ದಳು. ಗೋಡೆಯ ಬದಿಯ ಕ್ರೇಟುಗಳು ಹೆಚ್ಚೇನೂ ಕರಗಿರಲಿಲ್ಲ.

"ತಕ್ಕೊಂಡು ಹೋಗ್ಲಿಕ್ಕೆ ಬಂದದ್ದಾ ತೀರ್ಥಣ್ಣ? ಈಗ ಬಿಚ್ಚಿ ಕೊಡ್ತೇನೆ," ಅವಳು ಎದ್ದಳು. "ಇನ್ನು ಹಳೇ ವರ್ಷದ್ದೇ ಇರುದು. ನಿಧಾನ ಮಾಡಿದ್ರೂ ಆಗ್ತದೆ. ಕಡಬದ ಒಬ್ಬರ ಬ್ಲಾಕ್ ಮಾತ್ರ ನಿನ್ನೆ ಕೇಳಿದ್ದಾರೆ, ಮತ್ತೊಮ್ಮೆ ನೋಡ್ಲಿಕ್ಕೆ ಉಂಟಂತೆ. ಅದು ಇದರಲ್ಲಿ ಎಲ್ಲಿಯೋ ಉಂಟು."

ತೀರ್ಥರಾಮ ದೀಪದ ಸ್ಟ್ಯಾಂಡಿಗೆ ಕೈ ಹಾಕಿದವನು ಅದನ್ನು ಸ್ವಲ್ಪ ಎಡಕ್ಕೆ ಸರಿಸಿದ. ಬಟ್ಟೆಯ ಒಂದು ಸುಕ್ಕು ಎಳೆದು ಸರಿ ಮಾಡಿದ. ಆಮೇಲೆ ಓಮ್ನಿಯ ಕೀಲಿಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ಹೊಸದೊಂದು ಕ್ರೇಟನ್ನು ಎಳೆದುಕೊಂಡು ಕೂತ.

"ಅವರ ನಂಬರು ಕೊಟ್ಟಿದ್ದೀಯಾ?" ಕೇಳಿದ.

"ಕೊಟ್ಟಿದ್ದೇನೆ."

ಅವನು ಮೊದಲ ಬ್ಲಾಕನ್ನು ಎತ್ತಿ ಟ್ರೇಯಲ್ಲಿಟ್ಟ. ಅದು ತಲೆಕೆಳಗಾಗಿ ಕೂತಿತು. ಹಾಗೇ ಬಿಟ್ಟು, ಅದಕ್ಕೆ ತಾಗದಷ್ಟು ದೂರದಲ್ಲಿ ಇನ್ನೊಂದನ್ನು ಇಟ್ಟ.